ಉದ್ಯೋಗಚ್ಯುತಿ : ಅದರ ಕಾರಣಗಳೂ ಗೃಹಸ್ಥನ ಕರ್ತವ್ಯವೂ

ಅನ್ನವಸ್ತ್ರಗಳಿಗಾಗಿ ಮನುಷ್ಯನು ಮಾಡುವ ದುಡಿಮೆಗೆ ನಮ್ಮ ನುಡಿಯಲ್ಲಿ ಹಲವು ಹೆಸರುಗಳಿವೆ. ‘ಕೆಲಸ’ ಎಂಬುದು ಎಲ್ಲರ ಬಾಯಲ್ಲಿಯೂ ಇರುವ ಬಳಕೆಯ ಮಾತು. ‘ಉದ್ಯೋಗ’ ಎಂಬುದು ಸಂಸ್ಕೃತದ್ದು. ‘ಉತ್’ ಎಂಬ ಉಪಸರ್ಗವು ‘ಯುಜ್’ ಎಂಬ ಧಾತುವಿಗೆ ಸೇರಿ ಆದದ್ದು. ಮೇಲೆದ್ದು ತೊಡಗುವುದು ಎಂಬುದು ಅದರ ಭಾವ. ‘ನೌಕರಿ’ ಎಂಬುದು ಪಾರಸಿಯಿಂದ ಬಂದು ನಮ್ಮಲ್ಲಿ ನೆಲಸಿದ ಶಬ್ದ. ಇನ್ನೊಬ್ಬರ ಸೇವೆಯಲ್ಲಿ ಸಂಬಳಕ್ಕೆ ಇರುವುದೆಂದು ಅದರ ಅರ್ಥ. ‘ಕಾಯಕ’ ಎಂಬುದಾದರೋ ಶರಣರು ವಿಶೇಷಾರ್ಥವನ್ನು ತುಂಬಿ ಲೋಕಕ್ಕೆ ಕೊಟ್ಟ ಮಾತು. ಕಾಯದಿಂದ ನಡೆಯತಕ್ಕದ್ದು, ಸತ್ಯಶುದ್ಧವಾಗಿರತಕ್ಕದ್ದು, ತನ್ನ ಮನೆಯನ್ನು ಪೊರೆದು ಮಿಕ್ಕುದನ್ನು ದಾಸೋಹಕ್ಕೆ ಸಲ್ಲಿಸತಕ್ಕದ್ದು ಕಾಯಕ.

ಈ ಶಬ್ದಗಳಲ್ಲಿ ನೌಕರಿಗೂ ಕಾಯಕಕ್ಕೂ ಇರುವ ಭೇದವನ್ನು ಗೃಹಸ್ಥರಾದವರು ಮೊದಲು ಮನಗಾಣಬೇಕು. ನೌಕರಿಯನ್ನು ಒಬ್ಬರು ಕೊಡುತ್ತಾರೆ. ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಲೂ ಬಲ್ಲರು. ಕಾಯಕವು ಯಾರೂ ಕೊಟ್ಟದ್ದಲ್ಲ. ಆದುದರಿಂದ ಅದನ್ನು ಯಾರೂ ಕಸಿಯಲಾರರು. ನೌಕರಿಯನ್ನು ಕಾಯಕವೆಂದು ತಿಳಿದು ಮಾಡುವವನು ಅದನ್ನು ಸುಲಭವಾಗಿ ಕಳೆದುಕೊಳ್ಳುವುದಿಲ್ಲ. ಕಳೆದುಕೊಂಡರೂ ತಾನೇ ಕಳೆದುಹೋಗುವುದಿಲ್ಲ. ಈ ಎರಡು ಮಾತುಗಳನ್ನು ವಿವರಿಸುವುದೇ ಈ ಪಾಠದ ಉದ್ದೇಶ.

ಚ್ಯುತಿಯ ಮೂರು ಬಗೆ

ಊರಿನಲ್ಲಿ ಒಬ್ಬನ ಕೆಲಸ ಹೋಯಿತೆಂದರೆ ಜನರು ಎರಡು ವಿಧವಾಗಿ ಮಾತನಾಡುವುದುಂಟು. ಕೆಲವರು “ಏನೋ ಮಾಡಿರಬೇಕು, ಸುಮ್ಮನೆ ತೆಗೆಯುತ್ತಾರೆಯೇ?” ಎನ್ನುವರು. ಮತ್ತೆ ಕೆಲವರು “ಅವನ ಹಣೆಬರಹ” ಎನ್ನುವರು. ಮೊದಲನೆಯ ಮಾತು ನಿರ್ದೋಷಿಯನ್ನೂ ದೋಷಿಯನ್ನಾಗಿ ಮಾಡುತ್ತದೆ. ಎರಡನೆಯ ಮಾತು ದೋಷಿಗೂ ತಿದ್ದಿಕೊಳ್ಳುವ ದಾರಿಯನ್ನು ಮುಚ್ಚುತ್ತದೆ. ಎರಡೂ ಅವಿಚಾರದ ಮಾತುಗಳೇ. ವಿಚಾರಿಸಿ ನೋಡಿದರೆ ಉದ್ಯೋಗಚ್ಯುತಿಯು ಮೂರು ಬಗೆಯದು. ತನ್ನ ತಪ್ಪಿನಿಂದ ಆದದ್ದು ಸ್ವದೋಷಜನ್ಯ; ಕಾಲದ ಮಾರ್ಪಾಟಿನಿಂದ ಆದದ್ದು ಕಾಲಜನ್ಯ; ಧಣಿಯ ಅಥವಾ ಇತರರ ಅನ್ಯಾಯದಿಂದ ಆದದ್ದು ಪರದೋಷಜನ್ಯ. ರೋಗದ ನಿದಾನವಾಗದೆ ಔಷಧವಿಲ್ಲ. ಬಗೆಯನ್ನು ತಿಳಿಯದೆ ಪರಿಹಾರವಿಲ್ಲ.

ಸ್ವದೋಷಜನ್ಯ

ಯಾವ ತಪ್ಪುಗಳಿಗೆ ನೌಕರನನ್ನು ತೆಗೆದುಹಾಕಬಹುದು ಎಂಬುದು ಧಣಿಯ ಮನಸ್ಸಿಗೆ ತೋಚಿದಂತೆ ನಡೆಯುವ ವಿಷಯವಲ್ಲ. ನಮ್ಮ ದೇಶದಲ್ಲಿ ೧೯೪೬ರಲ್ಲಿ ಆದ ಸ್ಥಾಯೀ ಆದೇಶಗಳ ಕಾಯಿದೆಯ ಮೇರೆಗೆ ಹೊರಟ ಮಾದರಿ ನಿಯಮಗಳಲ್ಲಿ ಇಂತಹ ತಪ್ಪುಗಳ ಪಟ್ಟಿಯೊಂದಿತ್ತು. ನ್ಯಾಯವಾದ ಆಜ್ಞೆಯನ್ನು ಬೇಕೆಂದೇ ಮೀರುವುದು, ಕಳವು ಮತ್ತು ವಂಚನೆ, ಸಂಸ್ಥೆಯ ಸೊತ್ತಿಗೆ ಬೇಕೆಂದೇ ಹಾನಿ ಮಾಡುವುದು, ಲಂಚ, ಅಪ್ಪಣೆಯಿಲ್ಲದೆ ೧೦ ದಿನಗಳಿಗೂ ಹೆಚ್ಚಾಗಿ ಗೈರುಹಾಜರಾಗುವುದು, ಪದೇ ಪದೇ ತಡವಾಗಿ ಬರುವುದು, ಕೆಲಸದಲ್ಲಿ ರೂಢಿಯಾದ ಅಲಕ್ಷ್ಯ, ಕೆಲಸದ ಸ್ಥಳದಲ್ಲಿ ದೊಂಬಿ ಗಲಭೆ — ಇವು ಅದರಲ್ಲಿ ಮುಖ್ಯವಾದವು. ಆ ಕಾಯಿದೆಯ ಸ್ಥಾನದಲ್ಲಿ ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿದೆ. ಕಾಯಿದೆಯ ಹೆಸರು ಬದಲಾದರೂ ಮನುಷ್ಯನ ತಪ್ಪುಗಳ ಸ್ವರೂಪವು ಬದಲಾಗಲಿಲ್ಲ.

ಈ ಪಟ್ಟಿಯಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಬುದ್ಧಿ ಸಾಲದು, ಕೈಚಳಕ ಸಾಲದು ಎಂಬುದು ಇದರಲ್ಲಿ ಎಲ್ಲಿಯೂ ಇಲ್ಲ. ಇರುವುದೆಲ್ಲ ನಡತೆಯ ದೋಷವೇ. ಅದರಲ್ಲಿಯೂ ‘ರೂಢಿಯಾದ’, ‘ಪದೇ ಪದೇ’ ಎಂಬ ವಿಶೇಷಣಗಳು ಮತ್ತೆ ಮತ್ತೆ ಬರುತ್ತವೆ. ಒಂದು ದಿನದ ತಪ್ಪಿಗೆ ಕೆಲಸ ಹೋಗುವುದು ವಿರಳ. ದಿನದಿನದ ಸಣ್ಣ ತಪ್ಪು ಕೂಡಿ ಕೂಡಿ ಒಂದು ದಿನ ಕೆಲಸವನ್ನು ಕಳೆಯುವುದೇ ಹೆಚ್ಚು. ಈಗ ಇವುಗಳಲ್ಲಿ ಮುಖ್ಯವಾದವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗೈರುಹಾಜರಿ. ಪಟ್ಟಣದಲ್ಲಿ ನೌಕರಿ, ಹಳ್ಳಿಯಲ್ಲಿ ಹೊಲಮನೆ ಎಂದು ಎರಡು ಕಡೆ ಕಾಲಿಟ್ಟ ಕುಟುಂಬಗಳು ನಮ್ಮಲ್ಲಿ ಅನೇಕ. ಸುಗ್ಗಿ ಬಂತು, ಜಾತ್ರೆ ಬಂತು, ಅಳಿಯನ ಮನೆಯ ಶುಭಕಾರ್ಯ ಬಂತು. ನಾಲ್ಕು ದಿನದ ರಜೆ ಪಡೆದು ಊರಿಗೆ ಹೋದವನು ಹದಿನೈದು ದಿನ ನಿಲ್ಲುತ್ತಾನೆ. ಒಂದು ಕಾಗದವನ್ನೂ ಬರೆಯುವುದಿಲ್ಲ. ಹಿಂದಿರುಗಿದಾಗ ಅವನ ಜಾಗದಲ್ಲಿ ಮತ್ತೊಬ್ಬನು ಕುಳಿತಿರುತ್ತಾನೆ. ರಜೆ ಬೇಡುವುದು ತಪ್ಪಲ್ಲ, ಹೇಳದೆ ನಿಲ್ಲುವುದು ತಪ್ಪು. ಇವನಿಗಾಗಿ ಯಂತ್ರವು ಕಾಯುತ್ತಿರುತ್ತದೆ, ಜೊತೆಯವನು ಇಮ್ಮಡಿ ದುಡಿಯುತ್ತಿರುತ್ತಾನೆ ಎಂಬುದನ್ನು ಊರಿನ ಬಂಧುಗಳೂ ತಿಳಿಯಬೇಕು. “ಇನ್ನೆರಡು ದಿನ ಇದ್ದು ಹೋಗು” ಎಂದು ಪ್ರೀತಿಯಿಂದ ತಡೆಯುವವರು ಅವನ ಅನ್ನಕ್ಕೆ ಅಡ್ಡಿಯಾಗುತ್ತಿದ್ದಾರೆ.

ಎರಡನೆಯದು ಅಲಕ್ಷ್ಯ. ಇದು ಕಣ್ಣಿಗೆ ಕಾಣದಂತೆ ಬೆಳೆಯುವ ಗೆದ್ದಲು. ಲೆಕ್ಕದ ಪುಸ್ತಕವನ್ನು ನಾಳೆ ಬರೆಯೋಣವೆನ್ನುವ ಗುಮಾಸ್ತ, ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ನೋಡದ ಕಾವಲುಗಾರ, ಕೆಲಸದ ಹೊತ್ತಿನಲ್ಲಿ ಕೈಯ ಮೊಬೈಲಿನಲ್ಲಿ ಮುಳುಗುವ ತರುಣ — ಇವರೆಲ್ಲರೂ ಒಂದೇ ಬಳ್ಳಿಯ ಕಾಯಿಗಳು. ಹೊಸ ವಿದ್ಯೆಯನ್ನು ಕಲಿಯಲೊಲ್ಲದಿರುವುದೂ ಅಲಕ್ಷ್ಯದ ಒಂದು ರೂಪವೇ. ಕಚೇರಿಗೆ ಗಣಕಯಂತ್ರ ಬಂದಾಗ “ನನ್ನ ಕಾಲ ಕಳೆಯಿತು” ಎಂದು ಕೈಕಟ್ಟಿ ಕುಳಿತವರಿದ್ದರು. ಐವತ್ತರ ವಯಸ್ಸಿನಲ್ಲಿ ಮಗನ ವಯಸ್ಸಿನವರ ಪಕ್ಕದಲ್ಲಿ ಕುಳಿತು ಕಲಿತವರೂ ಇದ್ದರು. ಕಲಿಯುವುದಕ್ಕೆ ನಾಚಿದವನು ತನ್ನ ಸ್ಥಾನವನ್ನು ತಾನೇ ಬಿಟ್ಟುಕೊಟ್ಟಂತಾಯಿತು.

ಮೂರನೆಯದು ನಾಲಗೆ. ಅವಿಧೇಯತೆ ಎಂದು ಕಾಯಿದೆಯು ಕರೆಯುವುದು ಬಹುಮಟ್ಟಿಗೆ ನಾಲಗೆಯಿಂದಲೇ ಹುಟ್ಟುತ್ತದೆ. ಮೇಲಧಿಕಾರಿಯ ಆಜ್ಞೆ ತಪ್ಪೆಂದು ತೋರಿದರೆ ವಿನಯದಿಂದ ಬರೆದು ತಿಳಿಸುವುದು ಧೈರ್ಯ. ಎಲ್ಲರೆದುರಿಗೆ ಹಳಿಯುವುದು ಅಹಂಕಾರ. ಆಜ್ಞೆಯು ಅಧರ್ಮವಾಗಿದ್ದರೆ, ಸುಳ್ಳು ಲೆಕ್ಕ ಬರೆಯೆಂದು ಹೇಳಿದರೆ, ಅದನ್ನು ಒಪ್ಪದಿರುವುದು ದೋಷವಲ್ಲ. ನಿಯಮವು ಹೇಳುವುದು ನ್ಯಾಯವಾದ, ಯುಕ್ತವಾದ ಆಜ್ಞೆಯನ್ನು ಕುರಿತು ಮಾತ್ರ. ಸಹೋದ್ಯೋಗಿಗಳ ಮೇಲೆ ಚಾಡಿ, ಜಾತಿಯೆತ್ತಿ ಆಡುವ ಮಾತು, ಜೊತೆಯಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕುರಿತ ಕೀಳು ನುಡಿ ಮತ್ತು ನಡತೆ, ಇವು ಇಂದು ಕ್ಷಮೆಗೆ ದೂರವಾದವು. ಕೆಲಸದ ಸ್ಥಳದಲ್ಲಿ ಸ್ತ್ರೀಯರಿಗಾಗುವ ಕಿರುಕುಳವನ್ನು ತಡೆಯಲು ೨೦೧೩ರಲ್ಲಿ ಪ್ರತ್ಯೇಕ ಕಾಯಿದೆಯೇ ಆಗಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ದೂರು ವಿಚಾರಿಸುವ ಸಮಿತಿ ಇರಲೇಬೇಕು. ಶರಣರ ಗೋಷ್ಠಿಯಲ್ಲಿ ಸ್ತ್ರೀಯರು ಸರಿಸಮನಾಗಿ ಕುಳಿತು ಅನುಭಾವವನ್ನು ನುಡಿದರು. ಆ ಪರಂಪರೆಯವರೆಂದು ಹೇಳಿಕೊಳ್ಳುವವರಿಗೆ ಕಾಯಿದೆಯ ಭಯವೇ ಬೇಕಾಗಬಾರದು.

ನಾಲ್ಕನೆಯದು, ಎಲ್ಲಕ್ಕಿಂತ ಘೋರವಾದದ್ದು, ಅಪ್ರಾಮಾಣಿಕತೆ. ಸುಳ್ಳು ಪ್ರಮಾಣಪತ್ರ ಕೊಟ್ಟು ಸೇರಿದ ನೌಕರಿ ಎಷ್ಟು ವರ್ಷ ನಡೆದರೂ ಮರಳಿನ ಮೇಲಿನ ಮನೆ. ಇನ್ನು ಹಣ ಮುಟ್ಟುವವರ ವಿಷಯ. “ಶನಿವಾರ ತೆಗೆದುಕೊಂಡೆ, ಸೋಮವಾರ ಇಡುವೆನು, ಇದು ಕಳವಲ್ಲ, ಕೈಗಡ” ಎಂದು ಮನಸ್ಸು ಹೇಳಿಕೊಡುತ್ತದೆ. ಕೇಳದೆ ತೆಗೆದದ್ದು ಕೈಗಡವಾಗಲಾರದು. “ಅಲ್ಪ ಮೊತ್ತವಲ್ಲವೇ?” ಎಂಬ ಸಮಾಧಾನವೂ ಸಲ್ಲದು. ಕರ್ನಾಟಕದ ಬಸ್ಸು ನಿರ್ವಾಹಕರ ಮೊಕದ್ದಮೆಗಳಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಸ್ಪಷ್ಟಪಡಿಸಿತು: ಹಣ ಎಷ್ಟೆಂಬುದು ಮುಖ್ಯವಲ್ಲ, ನಂಬಿಕೆ ಮುರಿಯಿತೆಂಬುದೇ ಮುಖ್ಯ. ಒಡೆದ ಗಡಿಗೆಯ ತೂತು ಸಣ್ಣದೆಂದು ಅದರಲ್ಲಿ ನೀರು ನಿಲ್ಲುವುದೇ? ಶರಣೆ ಸತ್ಯಕ್ಕನ ಕಾಯಕ ಶಿವಾಲಯದ ಅಂಗಳ ಗುಡಿಸುವುದು. ಲೋಕದ ಕಣ್ಣಿಗೆ ಅತ್ಯಲ್ಪವಾದ ಕೆಲಸ. ಆದರೆ ಲಂಚವನ್ನೂ ಪರರ ಸೊತ್ತನ್ನೂ ಮುಟ್ಟೆನೆಂಬ ಅವಳ ವ್ರತವು ರಾಜಭಂಡಾರ ಕಾಯುವವರಿಗೂ ಮೇಲ್ಪಂಕ್ತಿಯಾಗಿ ನಿಂತಿದೆ.

ದೋಷದ ಬೇರು ಮನೆಯಲ್ಲಿ

ಈ ದೋಷಗಳು ಕಚೇರಿಯಲ್ಲಿ ಬೆಳಕಿಗೆ ಬರುತ್ತವೆ. ಆದರೆ ಅವು ಹುಟ್ಟುವುದು ಬಹುಶಃ ಅಲ್ಲಲ್ಲ. ಗಲ್ಲಾಪೆಟ್ಟಿಗೆಗೆ ಕೈಹಾಕಿದವನ ವೃತ್ತಾಂತವನ್ನು ಹಿಂದಕ್ಕೆ ಹಿಂದಕ್ಕೆ ಹುಡುಕುತ್ತ ಹೋದರೆ ತೀರದ ಸಾಲವೊಂದು ಸಿಕ್ಕುವುದುಂಟು. ಆ ಸಾಲದ ಹಿಂದೆ ಅಂತಸ್ತು ಮೀರಿ ಮಾಡಿದ ಮದುವೆ, ನೆರೆಮನೆಯವರಿಗಿಂತ ಮೇಲೆನಿಸಬೇಕೆಂಬ ಛಲ, ಕುಡಿತ ಅಥವಾ ಜೂಜು ಇರುತ್ತದೆ. ಬೆಳಗ್ಗೆ ತಡವಾಗಿ ಹೋಗುವವನ ಹಿಂದೆ ರಾತ್ರಿಯ ದುರಭ್ಯಾಸವಿರುತ್ತದೆ. ಮೇಲಧಿಕಾರಿಯ ಮೇಲೆ ಸಿಡುಕುವವನ ಹಿಂದೆ ಮನೆಯ ಕಲಹವಿರುತ್ತದೆ. ನೌಕರಿ ಹೋದದ್ದು ಒಂದು ದಿನ. ಹೋಗತೊಡಗಿದ್ದು ಹಲವು ವರ್ಷಗಳ ಹಿಂದೆ, ಮನೆಯ ಹೊಸ್ತಿಲಿನ ಒಳಗೆ.

ಆಯ್ದಕ್ಕಿ ಲಕ್ಕಮ್ಮನ ಚರಿತ್ರೆ ಇಲ್ಲಿ ನಮಗೆ ಗುರುವಾಗಿದೆ. ಅಮರೇಶ್ವರ ಗ್ರಾಮದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮ ಹಿಗ್ಗಲಿಲ್ಲ. ಅಂದಂದಿಗೆ ಬೇಕಾದುದಕ್ಕಿಂತ ಹೆಚ್ಚಿನದು ಆಸೆಯೆಂದು ತಿಳಿಸಿ, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದಳು. ಯಾರೂ ಕದ್ದ ಅಕ್ಕಿಯಲ್ಲ ಅದು. ಯಾವ ಅಧಿಕಾರಿಯೂ ಕೇಳುತ್ತಿರಲಿಲ್ಲ. ಆದರೂ ಮನೆಯ ಬಾಗಿಲಲ್ಲಿಯೇ ಲೆಕ್ಕಪರಿಶೋಧನೆ ನಡೆಯಿತು. ಸಂಬಳಕ್ಕೆ ಮೀರಿದ ವಸ್ತು ಮನೆಗೆ ಬಂದಾಗ “ಇದು ಎಲ್ಲಿಯದು?” ಎಂದು ಕೇಳುವ ಗೃಹಿಣಿ ಇರುವಲ್ಲಿ ಪತಿಯ ನೌಕರಿಗೆ ಅರ್ಧ ರಕ್ಷಣೆ ದೊರೆತಂತೆಯೇ. ಇಂದು ಗೃಹಿಣಿಯರೂ ನೌಕರಿಯಲ್ಲಿದ್ದಾರೆ. ಅದೇ ಪ್ರಶ್ನೆಯನ್ನು ಪತಿಯೂ ಕೇಳತಕ್ಕದ್ದು.

ಕಾಲಜನ್ಯ

ಸ್ವದೋಷವನ್ನು ಕುರಿತು ಇಷ್ಟು ಹೇಳಿದ ಮೇಲೆ, ದೋಷವಿಲ್ಲದೆ ಕೆಲಸ ಕಳೆದುಕೊಂಡವರ ಸಂಖ್ಯೆಯೂ ಸಣ್ಣದಲ್ಲವೆಂಬುದನ್ನು ಅಷ್ಟೇ ಒತ್ತಿ ಹೇಳಬೇಕಾಗಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ತಲೆಮಾರುಗಳ ಕಾಲ ಜನರು ಭೂಗರ್ಭಕ್ಕಿಳಿದು ದುಡಿದರು. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿತು. ತೆಗೆಯುವ ವೆಚ್ಚವು ದೊರೆಯುವ ಚಿನ್ನದ ಬೆಲೆಯನ್ನು ಮೀರಿತು. ೨೦೦೧ರಲ್ಲಿ ಗಣಿ ಮುಚ್ಚಿತು. ಬೆಂಗಳೂರಿನಲ್ಲಿ ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಆರಂಭವಾದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯ ಗಡಿಯಾರವನ್ನು ಮದುವೆಯ ಉಡುಗೊರೆಯಾಗಿ ಕೊಡದ ಮನೆ ಆ ಕಾಲದಲ್ಲಿ ವಿರಳ. ಕಾಲವನ್ನು ತೋರಿಸುವ ಆ ಸಂಸ್ಥೆಗೂ ಕಾಲ ಬದಲಾಯಿತು. ಕೀಲಿ ಕೊಡುವ ಗಡಿಯಾರ ಹೋಗಿ ವಿದ್ಯುತ್ಕೋಶದ ಗಡಿಯಾರ ಬಂತು, ಪೈಪೋಟಿ ಹೆಚ್ಚಿತು, ನಷ್ಟ ಬೆಳೆಯಿತು. ೨೦೧೬ರಲ್ಲಿ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಣಯಿಸಿತು. ೨೦೨೦ರ ಮಹಾಮಾರಿಯ ಕಾಲದಲ್ಲಿ ಉಣಬಡಿಸುವವರು, ವಾಹನ ಓಡಿಸುವವರು, ಬಟ್ಟೆ ಹೊಲಿಯುವವರು ಒಂದೇ ವಾರದಲ್ಲಿ ಮನೆ ಸೇರಿದರು. ಇವರಲ್ಲಿ ಯಾರ ನಡತೆಯಲ್ಲಿ ಕುಂದಿತ್ತು? “ಏನೋ ಮಾಡಿರಬೇಕು” ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಇಂತಹ ಚ್ಯುತಿಗೆ ನ್ಯಾಯವು ಕೆಲವು ಆಸರೆಗಳನ್ನು ಒದಗಿಸಿದೆ. ಒಂದು ವರ್ಷಕ್ಕೆ ಕಡಮೆಯಿಲ್ಲದೆ ಎಡೆಬಿಡದೆ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯುವಾಗ ಒಂದು ತಿಂಗಳ ಮುನ್ಸೂಚನೆ ಅಥವಾ ಅದಕ್ಕೆ ಬದಲಾಗಿ ವೇತನ, ಮತ್ತು ಪೂರ್ಣವಾದ ಪ್ರತಿಯೊಂದು ವರ್ಷದ ಸೇವೆಗೆ ೧೫ ದಿನಗಳ ಸರಾಸರಿ ವೇತನವನ್ನು ಕೊಡತಕ್ಕದ್ದೆಂಬುದು ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿತ್ತು. ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ಕಡೆಗೆ ಬಂದವನು ಮೊದಲು ಹೋಗಬೇಕೆಂಬುದು ಸಾಮಾನ್ಯ ಕ್ರಮ. ಮೇಲ್ವಿಚಾರಣೆಯ ದೊಡ್ಡ ಹುದ್ದೆಗಳಲ್ಲಿರುವವರಿಗೆ ಈ ರಕ್ಷಣೆಗಳು ಸಲ್ಲವು. ಅವರು ತಮ್ಮ ಕರಾರುಪತ್ರವನ್ನು ಸೇರುವ ದಿನವೇ ಓದಿ ತಿಳಿದಿರಬೇಕು.

ಪರದೋಷಜನ್ಯ

ಮೂರನೆಯ ಬಗೆ ಅತ್ಯಂತ ನೋವಿನದು. ಮಾಡದ ತಪ್ಪನ್ನು ಹೊರುವುದು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರನ್ನೂ ಇದು ಬಿಡಲಿಲ್ಲ. ಅರಸನ ಭಂಡಾರವನ್ನು ಜಂಗಮದಾಸೋಹಕ್ಕೆ ಸೂರೆಮಾಡುತ್ತಿರುವರೆಂದು ಮತ್ಸರಿಗಳು ಚಾಡಿ ಹೇಳಿದರು. ಅರಸನು ಎಣಿಸಿ ನೋಡಲು ಭಂಡಾರದಲ್ಲಿ ಒಂದು ಕಾಸೂ ಕಡಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಪುರಾಣಕಾರರು ಇದನ್ನು ಪವಾಡವೆಂದು ಬಣ್ಣಿಸಿದ್ದಾರೆ. ನೌಕರನಿಗೆ ಇದರಲ್ಲಿ ನಿತ್ಯದ ನೀತಿಯೊಂದಿದೆ: ಯಾವ ಗಳಿಗೆಯಲ್ಲಿ ಎಣಿಸಿದರೂ ಸರಿಹೋಗುವಂತೆ ಲೆಕ್ಕವನ್ನು ಇಟ್ಟವನಿಗೆ ಚಾಡಿಯು ಕೊನೆಯವರೆಗೆ ಹಾನಿಮಾಡಲಾರದು.

ಆಪಾದನೆ ಬಂದಾಗ ಮಾಡತಕ್ಕುದೇನು? ಇಲ್ಲಿಯೇ ಅನೇಕರು ಎಡವುತ್ತಾರೆ. ದೋಷಾರೋಪಣೆಯ ಪತ್ರ ಕೈಸೇರಿದಾಗ ಕೆಲವರು ಸಿಟ್ಟಿನಿಂದ ಅದನ್ನು ಸ್ವೀಕರಿಸುವುದಿಲ್ಲ. ಕೆಲವರು ಅವಮಾನದಿಂದ ಪೆಟ್ಟಿಗೆಯ ತಳದಲ್ಲಿ ಬಚ್ಚಿಡುತ್ತಾರೆ. ಉತ್ತರ ಬರಲಿಲ್ಲವಾಗಿ ವಿಚಾರಣೆ ಏಕಪಕ್ಷೀಯವಾಗಿ ಮುಗಿಯುತ್ತದೆ. ಮೂಲದ ತಪ್ಪಿಗೆ ಎಚ್ಚರಿಕೆ ಸಾಕಾಗುತ್ತಿತ್ತೇನೋ. ಮೌನವು ಕೆಲಸವನ್ನೇ ಕಳೆಯಿತು. ಆದುದರಿಂದ ಪತ್ರವನ್ನು ಸ್ವೀಕರಿಸಬೇಕು. ಗಡುವಿನೊಳಗೆ, ಕೋಪದ ಮಾತಿಲ್ಲದೆ, ಉತ್ತರ ಬರೆಯಬೇಕು. ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ವಿಚಾರಣೆಗೆ ತಪ್ಪದೆ ಹೋಗಬೇಕು. ಓದದೆ ಯಾವ ಕಾಗದಕ್ಕೂ, ಅದರಲ್ಲಿಯೂ ರಾಜೀನಾಮೆಯ ಕಾಗದಕ್ಕೆ, ರುಜು ಹಾಕಬಾರದು. ವಿಚಾರಣೆಗಾಗಿ ಅಮಾನತ್ತಿನಲ್ಲಿಟ್ಟ ಕಾರ್ಮಿಕನಿಗೆ ಮೊದಲ ೯೦ ದಿನಗಳವರೆಗೆ ವೇತನದ ಅರ್ಧವೂ, ವಿಳಂಬವು ಅವನಿಂದಲ್ಲದಿದ್ದರೆ ಅನಂತರ ಮುಕ್ಕಾಲು ಭಾಗವೂ ಜೀವನಭತ್ಯವಾಗಿ ಸಲ್ಲಬೇಕೆಂದಿದೆ. ಸರ್ಕಾರಿ ನೌಕರರನ್ನು ವಿಚಾರಣೆಯಿಲ್ಲದೆ ವಜಾಮಾಡಕೂಡದೆಂದು ಸಂವಿಧಾನದ ೩೧೧ನೆಯ ಅನುಚ್ಛೇದವೇ, ಕೆಲವು ಅಪವಾದಗಳನ್ನುಳಿದು, ವಿಧಿಸಿದೆ. ಕಾರ್ಮಿಕನಿಗೆ ವಿಧಿಸಿದ ಶಿಕ್ಷೆಯು ತಪ್ಪಿಗೆ ಮೀರಿದ್ದಾದರೆ ಅದನ್ನು ಇಳಿಸುವ ಅಧಿಕಾರ ಕೈಗಾರಿಕಾ ನ್ಯಾಯಮಂಡಳಿಗೆ ೧೯೭೧ರಿಂದಲೂ ಇದೆ. ದೂರು ಕೊಡಲು ಕಾಲಮಿತಿ ಉಂಟಾದ್ದರಿಂದ ತಡಮಾಡದೆ ಕಾರ್ಮಿಕ ಇಲಾಖೆಯ ಅಧಿಕಾರಿಗಳನ್ನು ಕಾಣತಕ್ಕದ್ದು. ಅನ್ಯಾಯವನ್ನು ಸಹಿಸುವುದೇ ಭಕ್ತಿಯೆಂದು ಶರಣರು ಎಲ್ಲಿಯೂ ಹೇಳಲಿಲ್ಲ.

ಕೆಲಸ ಕಳೆದುಕೊಂಡವನ ಮನೆ

ಕಾರಣವು ಯಾವುದೇ ಆಗಲಿ, ಕೆಲಸ ಹೋದ ದಿನ ಸಂಜೆ ಆ ಮನುಷ್ಯನು ಮನೆಗೆ ಬರಲೇಬೇಕು. ಆ ಸಂಜೆ ಮನೆಯವರು ಅವನನ್ನು ಹೇಗೆ ಕಾಣುತ್ತಾರೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹೇಳಲು ಅಂಜಿ, ದಿನವೂ ಬುತ್ತಿ ಕಟ್ಟಿಸಿಕೊಂಡು ಹೊರಟು, ಬಸ್ ನಿಲ್ದಾಣದಲ್ಲಿಯೋ ತೋಟದಲ್ಲಿಯೋ ಹೊತ್ತು ಕಳೆದು ಹಿಂದಿರುಗುವವರಿದ್ದಾರೆ. ಇಷ್ಟು ಅಂಜಿಕೆ ಎಲ್ಲಿಂದ ಬಂತು? ಸಂಬಳವಿದ್ದಾಗ ಮಾತ್ರ ಮರ್ಯಾದೆ ಕೊಡುವ ಮನೆಯಿಂದ ಬಂತು. ಮೊದಲು ಊಟಕ್ಕೆ ಬಡಿಸಬೇಕು. ಅನಂತರ ಕಾರಣವನ್ನು ಕೇಳಬೇಕು. ತಪ್ಪು ಅವನದಾದರೆ ಅದನ್ನು ಒಪ್ಪಿಕೊಳ್ಳುವ ಧೈರ್ಯವನ್ನೂ, ಅವನದಲ್ಲವಾದರೆ ತಲೆಯೆತ್ತಿ ನಡೆಯುವ ಧೈರ್ಯವನ್ನೂ ಮನೆಯೇ ಕೊಡಬೇಕು. ಮನೆಯ ಖರ್ಚನ್ನು ಅಂದೇ ಇಳಿಸಬೇಕು. ಅಂತಸ್ತು ಉಳಿಸಲು ಬಡ್ಡಿಯ ಸಾಲ ಮಾಡಬಾರದು. ಮಕ್ಕಳ ಶಾಲೆಯನ್ನು ಬಿಡಿಸುವುದು ಕಟ್ಟಕಡೆಯ ಮಾತಾಗಿರಲಿ.

ಬಂಧುಗಳಿಗೂ ನೆರೆಯವರಿಗೂ ಕರ್ತವ್ಯವಿದೆ. ಕನಿಕರದ ಮಾತು ನೂರು ಆಡುವುದಕ್ಕಿಂತ ಒಂದು ಕೆಲಸದ ಸುಳಿವು ಕೊಡುವುದು ಮೇಲು. ದಾಸೋಹವೆಂದರೆ ಅನ್ನವಿಕ್ಕುವುದು ಮಾತ್ರವಲ್ಲ, ಅನ್ನ ಸಂಪಾದಿಸುವ ದಾರಿಯನ್ನು ತೋರಿಸುವುದೂ ದಾಸೋಹವೇ.

ಕೆಲಸ ಕಳೆದುಕೊಂಡವನು ಹೊಸ ಕೆಲಸದ ಮೇಲು ಕೀಳುಗಳನ್ನು ಎಣಿಸುತ್ತ ಕೂರಬಾರದು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು. ಕಲ್ಯಾಣದ ಗೋಷ್ಠಿಯಲ್ಲಿ ಅವರ ಆಸನವು ಭಂಡಾರಿಯ ಆಸನಕ್ಕಿಂತ ಕೆಳಗಿರಲಿಲ್ಲ. ಕುರ್ಚಿ ಹೋಯಿತೆಂದು ಕೈ ಹೋಗಲಿಲ್ಲ. ಹುದ್ದೆ ಹೋಯಿತೆಂದು ವಿದ್ಯೆ ಹೋಗಲಿಲ್ಲ.

ಮನನಕ್ಕೆ

ಈ ಪಾಠವನ್ನು ಓದಿದ ಗೃಹಸ್ಥರು ಮನೆಯವರೊಡನೆ ಕುಳಿತು ಈ ಕೆಳಗಿನ ಪ್ರಶ್ನೆಗಳನ್ನು ವಿಚಾರಿಸಿಕೊಳ್ಳುವುದು ಒಳಿತು.

೧. ನನ್ನ ಕೆಲಸದಲ್ಲಿ ದಿನದಿನವೂ ನಡೆಯುತ್ತಿರುವ, ಇನ್ನೂ ಯಾರೂ ಎತ್ತಿ ತೋರಿಸದ ಸಣ್ಣ ತಪ್ಪು ಯಾವುದು?

೨. ಇಂದು ಈ ಗಳಿಗೆಯಲ್ಲಿ ನನ್ನ ಲೆಕ್ಕವನ್ನು ಯಾರಾದರೂ ಎಣಿಸಿದರೆ ಸರಿಹೋಗುವುದೇ?

೩. ಸಂಬಳಕ್ಕೆ ಮೀರಿದ ಯಾವ ಆಸೆಗೆ ನಮ್ಮ ಮನೆಯಲ್ಲಿ ಎಡೆಯಾಗಿದೆ?

೪. ನಾಳೆ ಈ ನೌಕರಿ ಇಲ್ಲವಾದರೆ ನನ್ನ ಕೈಯಲ್ಲಿ ಉಳಿಯುವ ಕಾಯಕ ಯಾವುದು? ಅದನ್ನು ಇಂದಿನಿಂದ ಕಲಿಯುತ್ತಿರುವೆನೇ?

೫. ನೆರೆಯಲ್ಲಿ ಕೆಲಸ ಕಳೆದುಕೊಂಡವನೊಬ್ಬನಿದ್ದಾನೆಯೇ? ಅವನ ಮನೆಯ ಬಾಗಿಲನ್ನು ನಾವು ಕಡೆಯ ಸಲ ತಟ್ಟಿದ್ದು ಯಾವಾಗ?

ಮೊದಲಿನ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಮನಸ್ಸಿನಲ್ಲಿಯೇ ಹೇಳಿಕೊಂಡರೂ ನಡೆದೀತು. ಐದನೆಯದಕ್ಕೆ ಎದ್ದು ಹೋಗಿಯೇ ಉತ್ತರ ಕೊಡಬೇಕು. ಶರಣು.